ದಿಬ್ಬಣದಲ್ಲಿ ಮೌನಾಚರಣೆ

2009ರ ನವೆಂಬರ್ 23, ಸೋಮವಾರ, ಮಧ್ಯಾಹ್ನ ಎರಡೂವರೆ. ಊಟ ಮುಗಿಸಿದ ಠಾಣೆ ಒಟ್ಟಾಗಿ ಆಕಳಿಸುತ್ತಿದ್ದ ಹೊತ್ತು. ಆಗ ಬಂದ ಹುಡುಗಿಯ ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಕ್ಯಾಮೆರಾ ಚೀಲ. ಮುಖ ಅರ್ಧ ಬಿಸಿಲಿಗೆ, ಅರ್ಧ ಅಳುವಿಗೆ ಕೆಂಪಾಗಿತ್ತು. ಠಾಣೆಯ ರೈಟರ್, ಹೆಡ್ ಕಾನ್‌ಸ್ಟೇಬಲ್ ಸಣ್ಣಮಾದಯ್ಯ ಹಾಳೆ ಸರಿಮಾಡಿಕೊಂಡು ಶುರುಮಾಡಿದರು.

“ಹೆಸರು?”

“ಶಿಲ್ಪಶ್ರೀ.”

“ತಂದೆ?”

“ಸಿದ್ದಮಲ್ಲಪ್ಪ. ಸಂತೇಪೇಟೇಲಿ ಬೇಳೆಕಾಳಿನ ಅಂಗಡಿ. ಮನೆ ಕೃಷ್ಣಮೂರ್ತಿಪುರಂ.”

“ಕಸುಬು?”

“ಫ್ರೀಲಾನ್ಸ್ ಪಾಡ್‌ಕಾಸ್ಟರ್.”

ಸಣ್ಣಮಾದಯ್ಯ ಪೆನ್ನು ಮೇಲೆತ್ತಿದರು. “ಕ್ಯಾಸ್ಟು ಆಮೇಲೆ ಕೇಳ್ತೀನಿ ಕಣಮ್ಮ. ಮೊದ್ಲು ಕಸುಬು ಏಳಿ.”

“ಅದೇ ಸಾರ್ ಕಸುಬು.”

“ಎಂಗೆ? ಕ್ಯಾಸ್ಟೇ ಕಸುಬಾ?”

ಒಳಗಿನ ಕೋಣೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಮೃತ್ಯುಂಜಯ ಕಾಫಿ ಲೋಟ ಕೆಳಗಿಟ್ಟು ನಕ್ಕರು. ಮೂರು ತಿಂಗಳಿಂದ ಆ ಠಾಣೆಗೆ ಬಂದಿದ್ದೆಲ್ಲ ಕಾಂಪೌಂಡ್ ಗೋಡೆಯ ತಕರಾರು, ಪಕ್ಕದ ಮನೆಯ ನಾಯಿ, ಮೇಲಿನ ಮನೆಯ ನೀರು. ನಗುವಂಥದ್ದು ಒಂದೂ ಬಂದಿರಲಿಲ್ಲ. ಅವರೇ ಎದ್ದು ಹೊರಗೆ ಬಂದರು.

“ರೇಡಿಯೋ ಥರಾನಾಮ್ಮ?”

“ಥರ ಸಾರ್, ಆದ್ರೆ ರೇಡಿಯೋ ಅಲ್ಲ. ಊರಿನೋರ ಹತ್ರ ಹೋಗಿ ಮಾತಾಡಿಸ್ತೀನಿ, ಅದನ್ನ ಕತ್ತರಿಸಿ ಜೋಡಿಸಿ ಇಂಟರ್‌ನೆಟ್ಟಿಗೆ ಹಾಕ್ತೀನಿ. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಕೇಳಬಹುದು. ಅಂಗಡಿಯೋರು, ಟೈಲರಿಂಗ್ ಕ್ಲಾಸಿನೋರು ಕೇಳಿದ್ರೆ ವಿಡಿಯೋನೂ ಮಾಡಿಕೊಡ್ತೀನಿ.”

“ಯಾರ ಕೈಕೆಳಗೆ?”

“ಯಾರ ಕೈಕೆಳಗೂ ಇಲ್ಲ ಸಾರ್. ನನ್ನ ಕೈಕೆಳಗೆ ನಾನೇ.”

ಇನ್ಸ್‌ಪೆಕ್ಟರು ಯೋಚಿಸಿ, “ಸ್ವಂತ ಉದ್ಯೋಗ, ಸದ್ದಿನ ಕೆಲಸ ಅಂತ ಬರೀರಿ” ಎಂದರು. ಸಣ್ಣಮಾದಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಆದರೂ ಬರೆದರು.

ಕಳುವಾಗಿದ್ದು ಒಂದು ರೆಕಾರ್ಡರು. ಅಂಗೈಯಷ್ಟು ಉದ್ದ, ಕಪ್ಪು ಬಣ್ಣ. ಜೊತೆಗೆ ಅದರ ಮೂತಿಗೆ ತೊಡಿಸುವ ಬೂದು ಬಣ್ಣದ ತುಪ್ಪಳದ ಟೋಪಿ. ಬೆಳಿಗ್ಗೆ ಅವಳು ಮಂಡಕಳ್ಳಿಗೆ ಹೋಗಿ ಹೊಸ ವಿಮಾನ ನಿಲ್ದಾಣದ ವಿಡಿಯೋ ತೆಗೆದುಕೊಂಡು ವಾಪಸ್ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಎರಡೂ ಮಾಯ.

“ಬೆಲೆ ಬಿಡಿ. ಇನ್ನೊಂದು ತಗೋಬಹುದಲ್ಲ?” ಎಂದರು ಇನ್ಸ್‌ಪೆಕ್ಟರು.

“ಈ ಶನಿವಾರದ ಕಾರ್ಯಕ್ರಮ ಅದರೊಳಗೇ ಇದೆ ಸಾರ್. ಕಂಪ್ಯೂಟರಿಗೆ ಇನ್ನೂ ಇಳಿಸಿಕೊಂಡಿರಲಿಲ್ಲ. ಎರಡು ವರ್ಷದಿಂದ ಶನಿವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹಾಕಿದೀನಿ. ಒಂದು ವಾರಾನೂ ತಪ್ಪಿಲ್ಲ.”

“ತಪ್ಪಿದ್ರೆ ಏನಾಗುತ್ತೆ?”

ಶಿಲ್ಪಶ್ರೀ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಾನು ಮಾಡ್ತಿರೋದು ಕೆಲಸ ಅಂತ ನಂಬಿರೋದು ಸದ್ಯಕ್ಕೆ ನಾನೊಬ್ಬಳೇ ಸಾರ್. ತಪ್ಪಿದ್ರೆ ನಾನೂ ನಂಬಲ್ಲ.”

ಮೃತ್ಯುಂಜಯ ಅವರಿಗೆ ಆ ಮಾತು ನಾಟಿತು. ಮೊಕದ್ದಮೆ ಸಂಖ್ಯೆ 187/2009, ಭಾರತ ದಂಡ ಸಂಹಿತೆ ಕಲಂ 380, ವಾಸದ ಮನೆಯಲ್ಲಿ ಕಳ್ಳತನ. ಎಫ್‌ಐಆರ್ ದಾಖಲಾಗಿ ಪ್ರತಿ ಕೊಟ್ಟಾಗ ಮೂರೂ ಹತ್ತು.

ನಾಲ್ಕು ಗಂಟೆಗೆ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರ ಜೊತೆ ಸಣ್ಣಮಾದಯ್ಯ ಮತ್ತು ಮಹಿಳಾ ಕಾನ್‌ಸ್ಟೇಬಲ್ ಜಾನ್ಸಿ. ಪಂಚರಾಗಿ ಎದುರುಮನೆಯ ಇಬ್ಬರು. ಅಂಗಡಿಯಿಂದ ಓಡಿಬಂದಿದ್ದ ಸಿದ್ದಮಲ್ಲಪ್ಪನವರು ಗೇಟಿನಲ್ಲೇ ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದರು.

“ಮೇಲೆ ರೂಮಲ್ಲಿ ಒಬ್ಬಳೇ ಕೂತ್ಕೊಂಡು ಮಾತಾಡ್ತಾಳೆ ಸಾರ್. ಮೊದಮೊದಲು ನಾವು ಹೆದರಿಬುಟ್ಟಿದ್ವಿ. ಮಠಕ್ಕೂ ಕರ್ಕೊಂಡು ಹೋಗಿದ್ವಿ.”

“ಸ್ವಾಮಿಗಳು ಏನಂದ್ರು?”

“ಅವರನ್ನೂ ರೆಕಾರ್ಡ್ ಮಾಡ್ಕೊಂಡು ಬಂದ್ಳು.”

ಹೊರಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ ಒಂದೇ ಕೋಣೆ. ಬೀಗ ಒಡೆದಿಲ್ಲ, ಚಿಲಕ ಕಿತ್ತಿಲ್ಲ. ಬೀಗದ ಕೈ ಇಡುವುದು ಮೀಟರ್ ಬೋರ್ಡಿನ ಮೇಲೆ ಎಂಬುದು ಹಾಲಿನವರಿಂದ ಹಿಡಿದು ಗ್ಯಾಸಿನವರವರೆಗೆ ಇಡೀ ಬೀದಿಗೆ ಗೊತ್ತಿದ್ದ ಗುಟ್ಟು. ತಾಯಿ ಸೋಮವಾರವೆಂದು ದೇವಸ್ಥಾನಕ್ಕೆ ಹೋಗಿದ್ದರು, ತಂದೆ ಅಂಗಡಿಯಲ್ಲಿ. ಒಳಗೆ ಗೋಡೆಗಳಿಗೆಲ್ಲ ಹಳೆಯ ರಜಾಯಿ ಮೊಳೆ ಹೊಡೆದು ನೇತುಹಾಕಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಗೂಡಿನಲ್ಲಿ ಬೆಳ್ಳಿಯ ದೀಪ ಇತ್ತು. ಕಳ್ಳ ಎರಡನ್ನೂ ಮೂಸಿಯೂ ನೋಡಿರಲಿಲ್ಲ.

“ನೀವು ಇಲ್ಲಿ ಹೇಗೆ ಕೆಲಸ ಮಾಡ್ತೀರಿ? ಮೊದಲಿಂದ ಹೇಳಿ” ಎಂದರು ಇನ್ಸ್‌ಪೆಕ್ಟರು.

“ಬಂದವರನ್ನ ಕೂರಿಸ್ತೀನಿ, ಇಲ್ಲಾ ಅವರ ಮನೆಗೇ ಹೋಗ್ತೀನಿ. ಮಾತೆಲ್ಲ ಮುಗಿದ ಮೇಲೆ ಒಂದು ನಿಮಿಷ ಎಲ್ಲರನ್ನೂ ಸುಮ್ಮನಿರಿ ಅಂತೀನಿ. ಆ ಮೌನಾನೂ ರೆಕಾರ್ಡ್ ಮಾಡ್ಕೋತೀನಿ.”

“ಮೌನ ರೆಕಾರ್ಡ್ ಮಾಡೋದಾ? ಅದರಲ್ಲಿ ಏನಿರುತ್ತೆ?”

“ಒಂದೊಂದು ಮನೆಯ ಮೌನ ಒಂದೊಂದು ಥರ ಸಾರ್. ಮಾತು ಕತ್ತರಿಸಿದ ಜಾಗದಲ್ಲಿ ಅದೇ ಮನೆಯ ಮೌನ ತುಂಬಿದ್ರೆ ತೇಪೆ ಗೊತ್ತಾಗಲ್ಲ. ಇಲ್ಲದಿದ್ರೆ ಕಿವಿಗೆ ಚುಚ್ಚುತ್ತೆ. ಬೇಕಾದ್ರೆ ನೋಡಿ, ಒಂದು ನಿಮಿಷ ಯಾರೂ ಮಾತಾಡಬೇಡಿ.”

ಪೊಲೀಸರು, ಪಂಚರು, ಸಿದ್ದಮಲ್ಲಪ್ಪನವರು, ಎಲ್ಲರೂ ಇದ್ದಲ್ಲೇ ನಿಂತರು. ಸಣ್ಣಮಾದಯ್ಯ ಅಭ್ಯಾಸಬಲದಿಂದ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಕೆಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಪಕ್ಕದ ಮನೆಯ ಕುಕ್ಕರು ಒಂದು ಸಲ ಕೂಗಿತು. ದೂರದಲ್ಲಿ ಚಾಮರಾಜಪುರಂ ಸ್ಟೇಷನ್ನಿನ ಕಡೆಯಿಂದ ರೈಲಿನ ಸೀಟಿ ಬಂತು. ನಿಮಿಷ ತುಂಬುವ ಮೊದಲೇ ಶಿಲ್ಪಶ್ರೀ ತಲೆ ಎತ್ತಿದಳು.

“ಇದು ನನ್ನ ರೂಮಿನ ಮೌನ ಅಲ್ಲ ಸಾರ್. ಏನೋ ಕಮ್ಮಿ ಇದೆ.” ಅವಳು ಸುತ್ತ ನೋಡಿದಳು. “ಗಡಿಯಾರ! ಟಿಕ್‌ಟಿಕ್ ಇಲ್ಲ!”

ಗೋಡೆ ಗಡಿಯಾರ ಹನ್ನೊಂದೂ ಹತ್ತಕ್ಕೆ ನಿಂತಿತ್ತು. ಜಾನ್ಸಿ ಕರವಸ್ತ್ರದಲ್ಲಿ ಹಿಡಿದು ಇಳಿಸಿ ಹಿಂದೆ ನೋಡಿದಳು. ಶೆಲ್ ಇಲ್ಲ. ಮಂಚದ ಪಕ್ಕದ ಟೈಂಪೀಸು ಹನ್ನೊಂದೂ ಹನ್ನೆರಡಕ್ಕೆ ನಿಂತಿತ್ತು. ಅದರ ಶೆಲ್ಲೂ ಇಲ್ಲ. ಮೃತ್ಯುಂಜಯ ಅವರ ಮೀಸೆಯ ತುದಿ ಸಂತೋಷಕ್ಕೆ ಮೇಲೆದ್ದಿತು.

“ರೆಕಾರ್ಡರಿಗೆ ಎಷ್ಟು ಶೆಲ್ ಬೇಕಮ್ಮ?”

“ಎರಡು. ಅದರ ಶೆಲ್ಲು ಇಲ್ಲೇ ಚಾರ್ಜಿಗೆ ಹಾಕಿದ್ದೆ. ರೆಕಾರ್ಡರು ಖಾಲಿ ಇತ್ತು.”

ಚಾರ್ಜರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಕರೆಂಟು ಎಂದು ಹೆದರಿ ಕಳ್ಳ ಅದನ್ನು ಮುಟ್ಟಿರಲಿಲ್ಲ.

“ಮಾರೋನಾಗಿದ್ರೆ ಶೆಲ್ ಯಾಕೆ ಬೇಕು ಅವನಿಗೆ?” ಇನ್ಸ್‌ಪೆಕ್ಟರು ಸಣ್ಣಮಾದಯ್ಯನವರ ಕಡೆ ತಿರುಗಿದರು. “ಈ ಮನುಷ್ಯ ಇದನ್ನ ಬಳಸೋಕೆ ತಗೊಂಡು ಹೋಗಿದಾನೆ ಕಣ್ರೀ. ಎರಡೇ ಶೆಲ್ ಅಂತ ಗೊತ್ತು, ಇಷ್ಟೇ ಗಾತ್ರ ಅಂತ ಗೊತ್ತು. ಅಂದ್ರೆ ಈಯಮ್ಮ ಹಾಕೋದನ್ನ ಕಣ್ಣಾರೆ ನೋಡಿದಾನೆ. ಟೋಪಿ ಯಾಕೆ ಬೇಕಾಯ್ತು?”

“ಅದು ಬಯಲಲ್ಲಿ ರೆಕಾರ್ಡ್ ಮಾಡೋವಾಗ ಗಾಳಿ ಸದ್ದು ಬರದ ಹಾಗೆ ಸಾರ್. ಮನೆಯೊಳಗೆ ಬೇಕಾಗಲ್ಲ.”

“ಹಾಗಾದ್ರೆ ಬೀದೀಲಿ ರೆಕಾರ್ಡ್ ಮಾಡೋನು. ಈಚೆಗೆ ಯಾರ್ಯಾರನ್ನ ಮಾತಾಡಿಸಿದ್ರಿ? ಸೋಮವಾರ ಮಂಡಕಳ್ಳಿಗೆ ಹೋಗ್ತೀನಿ ಅಂತ ಯಾರಿಗೆ ಹೇಳಿದ್ರಿ?”

ಇಬ್ಬರೇ. ಅಗ್ರಹಾರದಲ್ಲಿ ಹೂ ಮಾರುವ ದೇವಿರಮ್ಮ, ಮತ್ತು ಬ್ಯಾಂಡ್ ಮಾಸ್ಟರ್ ಅಮಲದಾಸ್. ಪಂಚನಾಮೆಗೆ ಸಹಿ ಬಿದ್ದಾಗ ಐದೂವರೆ.

ಮಾರನೆಯ ದಿನ ಬೆಳಿಗ್ಗೆ ಜಾನ್ಸಿ ಠಾಣೆಯ ಕಂಪ್ಯೂಟರಿನಲ್ಲಿ ಶಿಲ್ಪಶ್ರೀಯ ಹಳೆಯ ಕಾರ್ಯಕ್ರಮವೊಂದನ್ನು ಹಾಕಿದಳು. ಐದು ನಿಮಿಷ ಕೇಳೋಣವೆಂದು ಕೂತ ಇನ್ಸ್‌ಪೆಕ್ಟರು ಮುಗಿಯುವವರೆಗೂ ಏಳಲಿಲ್ಲ. ಸೈಕಲ್ಲು ರಿಪೇರಿ ಮಾಡುವ ಮುದುಕನೊಬ್ಬ ತನ್ನ ಜೀವಮಾನದ ಪಂಕ್ಚರುಗಳ ಕತೆ ಹೇಳುತ್ತಿದ್ದ. ಕೊನೆಗೆ ಹೋಗಿ ನೋಡಿದರೆ ಸಣ್ಣಮಾದಯ್ಯ ಬಾಗಿಲ ಮರೆಯಲ್ಲಿ ಕಿವಿ ಕೊಟ್ಟು ನಿಂತಿದ್ದರು. “ಕ್ಯಾಸ್ಟು ಚೆನ್ನಾಗದೆ ಸಾರ್” ಎಂದರು.

ದೇವಿರಮ್ಮನ ವಿಚಾರಣೆ ಬೇಗ ಮುಗಿಯಿತು.

“ಸೋಮವಾರ ಹನ್ನೊಂದು ಗಂಟೆಗೆ ಎಲ್ಲಿದ್ದೆ?”

“ಇಲ್ಲೇ. ನೀವೇ ಬಂದು ಎರಡು ಮೊಳ ಮಲ್ಲಿಗೆ ತಗೊಂಡು ಹೋದ್ರಲ್ಲ ಬುದ್ಧಿ.”

ನಿಜವೇ. ಇನ್ಸ್‌ಪೆಕ್ಟರು ಕೆಮ್ಮಿ ಮುಂದೆ ನಡೆದರು.

ಅಮಲದಾಸರ ಮನೆ ಚರ್ಚಿನ ಹಿಂದಿನ ಬೀದಿಯಲ್ಲಿ. ಅರವತ್ತು ದಾಟಿದ, ನೆಟ್ಟಗೆ ನಿಲ್ಲುವ ಮನುಷ್ಯ. ನಲವತ್ತು ವರ್ಷ ಕ್ಲಾರಿನೆಟ್ ಊದಿ ಕೆನ್ನೆ ಎರಡು ಕಡೆಯೂ ಇಳಿಬಿದ್ದಿತ್ತು. ಗೋಡೆಯ ಮೇಲೆ ಯೇಸುವಿನ ಪಟ, ಅದರ ಕೆಳಗೆ ಕೆಂಪು ಕೋಟು ತೊಟ್ಟ ಬ್ಯಾಂಡಿನ ಫೋಟೋ. ಬಂದವರು ಪೊಲೀಸರು ಎಂದು ತಿಳಿದರೂ ಹೆಂಡತಿ ಕ್ರಿಸ್ತಿನಾ ಮೊದಲು ಕಾಫಿ ತಂದಿಟ್ಟರು.

“ಆ ರೆಕಾರ್ಡರ್ ನೋಡಿದೀರಾ ಮಾಸ್ಟರೇ?”

“ನೋಡಿದೀನಿ ಸಾರ್. ಆವತ್ತು ಮೇಡಮ್ಮು ತಂದಿದ್ರು.”

“ಆಮೇಲೆ?”

“ಆಮೇಲೆ ಅವರ ಮನೇಗೂ ಹೋಗಿದ್ದೆ. ಮಾತಾಡೋಕೆ.”

“ಏನು ಮಾತಾಡೋಕೆ?”

ಅಮಲದಾಸ್ ಲೋಟದೊಳಗೆ ನೋಡಿದರು. ಉತ್ತರ ಕ್ರಿಸ್ತಿನಾರಿಂದ ಬಂತು. “ಅದಾ? ರೆಕಾರ್ಡಿಂಗಲ್ಲಿ ಒಂದು ಜಾಗದಲ್ಲಿ ಸ್ವರ ಜಾರಿಬುಡ್ತು ಸಾರ್. ಆವತ್ತಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ ಈ ಮನುಷ್ಯ.” ಹೇಳುತ್ತಿದ್ದಂತೆ ಅವರು ನಗು ತಡೆಯಲಾಗದೆ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಅಮಲದಾಸರ ಕಿವಿ ಕೆಂಪಾಯಿತು.

“ಸೋಮವಾರ ಹನ್ನೊಂದಕ್ಕೆ?”

“ಹೊರಗೆ ಹೋಗಿದ್ದೆ ಸಾರ್. ಕೃಷ್ಣಮೂರ್ತಿಪುರಂ ಕಡೆ. ಒಂದು ಮದುವೆ ವಿಚಾರ.”

ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಸುಳ್ಳು ಅರ್ಧ ನಿಜವೇ ಇರುತ್ತದೆ ಎಂಬುದು ಇನ್ಸ್‌ಪೆಕ್ಟರ ಅನುಭವ. ಅನುಮಾನ ಬಲವಾಯಿತು, ಆದರೆ ಅನುಮಾನವನ್ನು ನ್ಯಾಯಾಲಯ ಒಪ್ಪುವುದಿಲ್ಲ. ಅಲ್ಲದೆ ಅವರಿಗೇ ಒಂದು ವಿಷಯ ಅರ್ಥವಾಗಿರಲಿಲ್ಲ. ಸ್ವರ ಜಾರಿದ್ದಕ್ಕೆ ಯಂತ್ರ ಕದಿಯುತ್ತಾರೆಯೇ?

ಬುಧವಾರ ಕಳೆಯಿತು. ಗುರುವಾರ ಮಧ್ಯಾಹ್ನ ಶಿಲ್ಪಶ್ರೀ ಬಂದು ಏನೂ ಕೇಳದೆ ಬೆಂಚಿನ ಮೇಲೆ ಕೂತಳು. ಸಣ್ಣಮಾದಯ್ಯ ತಮ್ಮ ಡಬ್ಬಿಯ ಚಕ್ಕುಲಿ ಕೊಟ್ಟರು. “ಸಿಕ್ತದೆ ಬುಡವ್ವ” ಎಂದರು. ಅವಳು ಚಕ್ಕುಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದಳು.

ಗುರುವಾರ, ನವೆಂಬರ್ 26, ಸಂಜೆ ಆರೂವರೆ. ರೇಷ್ಮೆ ಪಂಚೆ, ಜರಿ ಶಲ್ಯದ ಮಧ್ಯವಯಸ್ಕರೊಬ್ಬರು ಠಾಣೆಯೊಳಗೆ ನುಗ್ಗಿದರು. ಹೆಸರು ಸುಂದರೇಶ. ಚಾಮರಾಜಪುರಂನ ಛತ್ರದಲ್ಲಿ ಮದುವೆ, ಇವರು ಗಂಡಿನ ಸೋದರಮಾವ. ಸಿಟ್ಟಿಗೆ ಶಲ್ಯ ನಿಲ್ಲುತ್ತಿರಲಿಲ್ಲ.

“ಬ್ಯಾಂಡಿನೋನ ಮೇಲೆ ಕೇಸ್ ಹಾಕ್ಬೇಕು ಸಾರ್!”

“ಏನು ಮಾಡಿದ?”

“ದಿಬ್ಬಣದಲ್ಲಿ ಮೌನಾಚರಣೆ ಮಾಡಿಸಿಬುಟ್ಟ!”

ಮೃತ್ಯುಂಜಯ ಕುರ್ಚಿಯಲ್ಲಿ ನೆಟ್ಟಗಾದರು. “ಏನು ಮಾಡಿಸಿದ?”

“ಮೌನಾಚರಣೆ ಸಾರ್! ದೇವಸ್ಥಾನದಿಂದ ಛತ್ರದ ಬಾಗಿಲವರೆಗೂ ಚೆನ್ನಾಗಿ ನುಡಿಸ್ಕೊಂಡು ಬಂದ. ಚೆನ್ನಾಗಿ ಅಂದ್ರೆ ಬಹಳ ಚೆನ್ನಾಗಿ, ಸುಳ್ಳು ಯಾಕೆ ಹೇಳ್ಲಿ. ಬಾಗಿಲಲ್ಲಿ ಆರತಿ ತಟ್ಟೆ ಹಿಡ್ಕೊಂಡು ಹೆಂಗಸ್ರು ನಿಂತಿದಾರೆ. ಇವನು ಕೈ ಎತ್ತಿ, ‘ದಯವಿಟ್ಟು ಎಲ್ಲರೂ ಒಂದು ನಿಮಿಷ ಮೌನವಾಗಿರಿ’ ಅಂದ.”

“ನೀವೇನು ಮಾಡಿದ್ರಿ?”

“ಏನು ಮಾಡೋದು? ಎಲ್ಲಾ ತಲೆ ಬಗ್ಗಿಸಿ ನಿಂತ್ಕೊಂಡ್ವಿ. ಮದುವೆ ಗಂಡು ಪೇಟ ತೆಗೆದುಬುಟ್ಟ. ಯಾರೋ ‘ಯಾರು ಹೋದ್ರು’ ಅಂದ್ರು. ಇನ್ಯಾರೋ ‘ಹೆಣ್ಣಿನ ತಾತ ಇರಬೇಕು’ ಅಂದ್ರು. ಹೆಣ್ಣಿನ ದೊಡ್ಡಮ್ಮ ಜೋರಾಗಿ ಅಳೋಕೆ ಶುರುಮಾಡಿದ್ರು. ಆ ತಾತ ಅಲ್ಲೇ ಕುರ್ಚೀಲಿ ಕೂತಿದ್ದೋರು ಎದ್ದು, ‘ಅಯ್ಯೋ, ಯಾರಪ್ಪ ಹೋಗಿದ್ದು’ ಅಂತ ಅವರೂ ಅಳೋಕೆ ಶುರುಮಾಡಿದ್ರು!”

ಇನ್ಸ್‌ಪೆಕ್ಟರು ನಗು ತಡೆಯಲು ಟೇಬಲ್ಲಿನ ಮೇಲಿದ್ದ ಪೇಪರ್‌ವೇಟನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಬ್ಯಾಂಡ್ ಮಾಸ್ಟರ್ ಹೆಸರೇನು?”

“ಅಮಲದಾಸ್.”

“ಜೀಪ್ ತೆಗೀರಿ!” ಎಂದು ಕೂಗಿದರು. ಜಾನ್ಸಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಛತ್ರದ ಮುಂದೆ ದೀಪದ ಸರಗಳ ಕೆಳಗೆ ಬ್ಯಾಂಡಿನವರು ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಕೆಂಪು ಕೋಟು, ಹಿತ್ತಾಳೆ ಗುಂಡಿ. ಬೈಗುಳ ತಿಂದ ಮುಖಗಳು. ಎಲ್ಲರ ಟೋಪಿಯ ಮೇಲೂ ಬಿಳಿ ಗರಿ. ಇನ್ಸ್‌ಪೆಕ್ಟರು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದರು. ಗಿಲಕಿ ಅಲ್ಲಾಡಿಸುವ ಮರಿಯಯ್ಯನ ಹತ್ತಿರ ನಿಂತರು. ಅವನ ಟೋಪಿಯ ಮೇಲಿನ ಗರಿ ಬೂದು ಬಣ್ಣದ್ದು, ಮೋಟು, ಗುಂಡಗೆ, ತುಪ್ಪಳದ್ದು.

“ಏನಪ್ಪ ಇದು?”

ಮರಿಯಯ್ಯ ಕೈಯಲ್ಲಿದ್ದ ಗಿಲಕಿಯನ್ನು ಬಿಗಿಯಾಗಿ ಹಿಡಿದು, “ಮಾಸ್ಟರು ಸಿಕ್ಕಿಸಿದ್ದು ಸಾರ್. ಕುತ್ತಿಗೆ ಅಲ್ಲಾಡಿಸಬೇಡ, ಬರೀ ಕೈ ಅಲ್ಲಾಡಿಸು ಅಂದವ್ರೆ” ಎಂದ. ದಿಬ್ಬಣದುದ್ದಕ್ಕೂ ಹಾಗೇ ನಡೆದು ಅವನ ಕತ್ತು ಹಿಡಿದುಕೊಂಡಿತ್ತು.

ಅಮಲದಾಸ್ ಎದ್ದು ಬಂದು ಟೋಪಿ ತೆಗೆದು ನಿಂತರು. “ಅವನಿಗೆ ಏನೂ ಗೊತ್ತಿಲ್ಲ ಸಾರ್. ಕದ್ದಿದ್ದು ನಾನೇ. ನಾಳೆ ಬೆಳಿಗ್ಗೆ ಅದೇ ಮೇಜಿನ ಮೇಲೆ ಇಟ್ಟು ಬರೋನಿದ್ದೆ.”

“ವಾಪಸ್ ಕೊಡೋ ಮನಸ್ಸಿದ್ರೂ ಕೇಳದೆ ತಗೊಂಡ್ರೆ ಕಳ್ಳತನಾನೇ ಮಾಸ್ಟರೇ. ಕಾನೂನು ಹಾಗೇ ಹೇಳುತ್ತೆ.”

“ಗೊತ್ತು ಸಾರ್. ಶೆಲ್ಲೂ ವಾಪಸ್ ಇಡೋನಿದ್ದೆ.”

ತುಪ್ಪಳ ಸರಿಸಿದರೆ ಒಳಗೆ ರೆಕಾರ್ಡರು ಇತ್ತು. ಅಲ್ಲೇ ಜಪ್ತಿ ಮಹಜರು ನಡೆಯಿತು. ಪಂಚರಾಗಿ ಒಬ್ಬರು ಗಂಡಿನ ಕಡೆ, ಒಬ್ಬರು ಹೆಣ್ಣಿನ ಕಡೆ. ಬೀಗರಿಬ್ಬರೂ ಸಂಜೆಯಿಂದ ಒಮ್ಮತಕ್ಕೆ ಬಂದಿದ್ದು ಅದೊಂದಕ್ಕೇ. ಬದುಕಿದ್ದ ತಾತನವರು ಕೋಲೂರಿಕೊಂಡು ಬಂದು ಅಮಲದಾಸರ ಬೆನ್ನು ತಟ್ಟಿದರು. “ನಾನು ಹೋದ್ರೆ ಯಾರ್ಯಾರು ಅಳ್ತಾರೆ ಅಂತ ನೋಡಿಬುಟ್ಟೆ ಕಣಯ್ಯ. ನೀನು ಚೆನ್ನಾಗಿರು” ಎಂದರು. ಅದನ್ನು ಕೇಳಿ ಸುಂದರೇಶರೂ ನಕ್ಕುಬಿಟ್ಟರು, ದೂರು ವಾಪಸ್ ತೆಗೆದುಕೊಂಡರು. ಏಳೂಕಾಲಿಗೆ ಅಮಲದಾಸರ ದಸ್ತಗಿರಿ. ಕೋಳ ತೊಡಿಸಲಿಲ್ಲ. ಕ್ಲಾರಿನೆಟ್ ಪೆಟ್ಟಿಗೆಯನ್ನು ಜಾನ್ಸಿ ತಾನೇ ಎತ್ತಿಕೊಂಡಳು.

ಠಾಣೆಗೆ ಶಿಲ್ಪಶ್ರೀ ಬಂದಳು. ಸುದ್ದಿ ತಿಳಿದ ಕ್ರಿಸ್ತಿನಾ ಊಟದ ಕ್ಯಾರಿಯರ್ ಹಿಡಿದು ಬಂದರು, ಗಂಡನ ಮುಖ ನೋಡದೆ ಬೆಂಚಿನ ತುದಿಯಲ್ಲಿ ಕೂತರು. ಇನ್ಸ್‌ಪೆಕ್ಟರು ಒಳಕೋಣೆಯಲ್ಲಿ ಆರೋಪಿಯ ಹೇಳಿಕೆ ತೆಗೆದುಕೊಂಡರು. ಬಾಗಿಲು ತೆರೆದೇ ಇತ್ತು.

“ಮತ್ತೊಂದು ಸಲ ನುಡಿಸ್ತೀನಿ ಅಂತ ಕೇಳಬಹುದಿತ್ತಲ್ಲ?”

“ಕೇಳ್ದೆ ಸಾರ್. ಅವರ ಮನೆಗೇ ಹೋಗಿ ಕೇಳ್ದೆ. ‘ಬೇಡ ಮಾಸ್ಟರ್, ಆ ತಪ್ಪೇ ಚೆಂದ’ ಅಂದುಬುಟ್ರು. ಕ್ಲಾರಿನೆಟ್ ಊದೋನಿಗೆ ತಪ್ಪು ಚೆಂದ ಅನ್ನಬಹುದಾ ಸಾರ್? ಅದು ನಮ್ಮಪ್ಪ ಕಟ್ಟಿದ ಮಟ್ಟು. ಮದುವೆ ಗಂಡನ್ನ ಎದುರುಗೊಳ್ಳೋ ಮಟ್ಟು. ಶನಿವಾರ ಇಂಟರ್‌ನೆಟ್ಟಿಗೆ ಹೋದ್ರೆ ಯಾವತ್ತಿಗೂ ಅಳಿಸಿ ಹೋಗಲ್ಲ ಅಂತಾರೆ. ನಾನು ಸತ್ತ ಮೇಲೂ ಅಲ್ಲಿ ಜಾರ್ತಾನೇ ಇರ್ತೀನಲ್ಲ?”

“ಮನೇಲೇ ಇನ್ನೊಂದು ಸಲ ನುಡಿಸಿ ತುಂಬಿಸಬಹುದಿತ್ತು. ದಿಬ್ಬಣ ಯಾಕೆ?”

ಅಮಲದಾಸ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮನೇಲಿ ಅವಳು ಇರ್ತಾಳೆ ಸಾರ್. ನಮ್ಮ ಮದುವೇಲಿ ಬ್ಯಾಂಡಿಗೆ ಬೇರೆ ಕ್ಲಾರಿನೆಟ್ ಊದೋರು ಇರಲಿಲ್ಲ, ಮದುವೆ ಗಂಡಾಗಿದ್ರೂ ಇದೇ ಮಟ್ಟನ್ನ ನಾನೇ ನುಡಿಸ್ದೆ. ಮೇಲಿನ ಸ್ವರಕ್ಕೆ ಏರೋ ಹೊತ್ತಿಗೆ ಸರಿಯಾಗಿ ಅವಳು ಚರ್ಚಿನ ಬಾಗಿಲಿಗೆ ಬಂದ್ಳು. ಜಾರ್ತು. ಮುಸುಕೊಳಗೇ ನಕ್ಳು. ಅಲ್ಲಿಂದ ಇಲ್ಲೀವರೆಗೂ ಅವಳ ಮುಂದೆ ಆ ಜಾಗ ಒಂದು ಸಲಾನೂ ಸರಿಯಾಗಿ ಬಂದಿಲ್ಲ. ದಿಬ್ಬಣದಲ್ಲಿ ಒಂದು ಸಲಾನೂ ತಪ್ಪಿಲ್ಲ.”

“ಮತ್ತೆ ಮೌನ?”

“ಮೇಡಮ್ಮು ಕೊನೇಗೆ ಒಂದು ನಿಮಿಷ ಮೌನ ಬೇಕೇ ಬೇಕು ಅಂದಿದ್ರು ಸಾರ್. ಇಲ್ಲದಿದ್ರೆ ಕೆಲಸಕ್ಕೆ ಬರಲ್ಲ ಅಂತ.”

ಹೊರಗೆ ಶಿಲ್ಪಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುವಲ್ಲ.

ಮೃತ್ಯುಂಜಯ ಕೊನೆಯ ಪ್ರಶ್ನೆ ಕೇಳಿದರು. ಶಿಲ್ಪಶ್ರೀಯ ಶನಿವಾರ ನಿಂತಿದ್ದು ಅದರ ಮೇಲೆಯೇ. “ಹಳೇದನ್ನ ಅಳಿಸಿದ್ರಾ?”

“ಇಲ್ಲ ಸಾರ್.”

“ಯಾಕೆ? ಗುಂಡಿ ಯಾವುದು ಅಂತ ಗೊತ್ತಾಗಲಿಲ್ವಾ?”

“ಗೊತ್ತಾಯ್ತು. ಬೆರಳೂ ಇಟ್ಟಿದ್ದೆ.” ಅಮಲದಾಸ್ ತಲೆ ತಗ್ಗಿಸಿದರು. “ಆದ್ರೆ ಅದರಲ್ಲಿ ಕ್ರಿಸ್ತಿನಾ ನಕ್ಕಿದಾಳೆ ಸಾರ್. ಅದನ್ನ ಹೇಗೆ ಅಳಿಸೋದು?”

ಬೆಂಚಿನ ತುದಿಯಲ್ಲಿದ್ದ ಕ್ರಿಸ್ತಿನಾ ಮೊದಲ ಸಲ ಒಳಗೆ ನೋಡಿದರು.

ಗುರುತಿಸುವ ಸಲುವಾಗಿ ಪಂಚರ ಮುಂದೆ ರೆಕಾರ್ಡರ್ ಹಾಕಲಾಯಿತು. ಮೊದಲು ದಿಬ್ಬಣದ್ದು. ಮಟ್ಟು ಬೀದಿಯ ಗದ್ದಲದ ನಡುವೆ ಏರುತ್ತಾ ಹೋಯಿತು. ಮೇಲಿನ ಸ್ವರ ಬಂದಾಗ ಎಲ್ಲರೂ ಉಸಿರು ಹಿಡಿದರು. ಕ್ಲಾರಿನೆಟ್ ಅಲ್ಲಿ ನಿಂತಿತು, ತುಂಬಿತು, ಇಳಿಯಿತು. ಸಣ್ಣಮಾದಯ್ಯ ಚಪ್ಪಾಳೆ ತಟ್ಟಿಬಿಟ್ಟರು.

ಆಮೇಲೆ ಹಳೆಯದು. ಅದೇ ಮಟ್ಟು, ಮನೆಯೊಳಗಿನದು. ಮೇಲಿನ ಸ್ವರದ ಹತ್ತಿರ ಬಂದಾಗ ಕ್ಲಾರಿನೆಟ್ ಕಾಲು ಜಾರಿದ ಹಾಗೆ ಕೀಚಲಾಯಿತು, ಒಂದು ಕ್ಷಣ ನಿಂತಿತು, ಮತ್ತು ಅಡಿಗೆಮನೆಯ ಕಡೆಯಿಂದ ಹೆಂಗಸೊಬ್ಬಳು ಮನಸಾರೆ ನಕ್ಕದ್ದು ಕೇಳಿಸಿತು. ಅರವತ್ತರ ಹೆಂಗಸಿನ ನಗುವಲ್ಲ ಅದು. ಆಗತಾನೆ ಮುಸುಕು ಸರಿಸಿದವಳ ನಗು.

“ಇದಕ್ಕೇ ಸಾರ್ ನಾನು ತಪ್ಪೇ ಚೆಂದ ಅಂದಿದ್ದು” ಎಂದಳು ಶಿಲ್ಪಶ್ರೀ. “ಯಾಕೆ ಅಂತ ಬಿಡಿಸಿ ಹೇಳಬೇಕಿತ್ತು ಮಾಸ್ಟರ್. ನಾನು ಹೇಳಲಿಲ್ಲ.”

ಕ್ರಿಸ್ತಿನಾ ಕ್ಯಾರಿಯರ್ ಎತ್ತಿಕೊಂಡು ಒಳಗೆ ಹೋಗಿ ಗಂಡನ ಮುಂದೆ ಇಟ್ಟರು. “ದಿಬ್ಬಣದ್ದು ಚೆನ್ನಾಗಿದೆ” ಎಂದರು. “ಊಟ ಮಾಡಿ. ಸರಿಯಾಗಿ ಉಂಡು ಎಷ್ಟು ದಿನ ಆಯ್ತು.” ಗಂಡ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಅವರಿಗೆ ನಗು ಬಂತು, ಈ ಸಲ ಸೆರಗು ಅಡ್ಡ ಇಟ್ಟುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರೋಪಿಯನ್ನೂ ಮುದ್ದೇಮಾಲನ್ನೂ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಜಾಮೀನಿಗೆ ದೂರುದಾರಳೇ ತಕರಾರಿಲ್ಲ ಎಂದಳು, ರಾಜಿಗೂ ಅರ್ಜಿ ಕೊಟ್ಟಳು. ರೆಕಾರ್ಡರನ್ನು ಮಧ್ಯಂತರವಾಗಿ ಅವಳ ವಶಕ್ಕೆ ಕೊಡಲು ಮಧ್ಯಾಹ್ನ ಆದೇಶವಾಯಿತು. ಅವಳು ಸ್ಕೂಟರ್ ಹತ್ತಿ ಹೋದ ರಭಸಕ್ಕೆ ನಿಯಮದ ಪ್ರಕಾರ ಇನ್ನೊಂದು ಕೇಸು ಹಾಕಬಹುದಿತ್ತು. ಇನ್ಸ್‌ಪೆಕ್ಟರು ಬೇರೆ ಕಡೆ ನೋಡಿದರು.

ಶನಿವಾರ ಬೆಳಿಗ್ಗೆ ಆರಕ್ಕೆ ಠಾಣೆಯ ಕಂಪ್ಯೂಟರಿನ ಸುತ್ತ ಪಾಳಿ ಮುಗಿದವರೂ ಶುರುವಾಗುವವರೂ ಸೇರಿದ್ದರು. ಮೊದಲು ಮನೆಯ ಮಟ್ಟು, ಜಾರಿದ್ದು, ನಗು. ಕೊನೆಗೆ ದಿಬ್ಬಣದ ಮಟ್ಟು, ಅಚ್ಚುಕಟ್ಟಾಗಿ. ಅದರ ಬೆನ್ನಿಗೆ ಆ ಒಂದು ನಿಮಿಷದ ಮೌನವನ್ನೂ ಶಿಲ್ಪಶ್ರೀ ಪೂರ್ತಿ ಉಳಿಸಿದ್ದಳು: ಆರತಿ ತಟ್ಟೆಯ ಸಣ್ಣ ಸದ್ದು, ‘ಯಾರು ಹೋದ್ರು’ ಎಂಬ ಪಿಸುಮಾತು, ದೊಡ್ಡಮ್ಮನ ಅಳು, ತಾತನ ಪ್ರಶ್ನೆ. ಜಾನ್ಸಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ನಗುವೆಲ್ಲ ಇಳಿದ ಮೇಲೆ ಸಣ್ಣಮಾದಯ್ಯ ಕೇಸ್ ಡೈರಿ ತೆರೆದು ಕೂತರು. ಎಲ್ಲ ಬರೆದಾಗಿತ್ತು, ಒಂದು ಸಾಲು ಮಾತ್ರ ಖಾಲಿ ಇತ್ತು.

“ಸಾರ್, ಕೃತ್ಯಕ್ಕೆ ಕಾರಣ ಏನಂತ ಬರೀಲಿ? ದ್ವೇಷ ಇಲ್ಲ, ದುರಾಸೆ ಇಲ್ಲ.”

ಮೃತ್ಯುಂಜಯ ಎದ್ದು ಕಿಟಕಿಯ ಹತ್ತಿರ ಹೋದರು. ನಿನ್ನೆ ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಕ್ರಿಸ್ತಿನಾ ಗಂಡನ ತೋಳು ಹಿಡಿದುಕೊಂಡಿದ್ದು ನೆನಪಾಯಿತು.

“ಹೆಂಡತಿ ನಕ್ಕಿದ್ದು ಅಂತ ಬರೀರಿ” ಎಂದರು.

ಸಣ್ಣಮಾದಯ್ಯ ಈ ಸಲ ಏನೂ ಕೇಳದೆ ಹಾಗೇ ಬರೆದರು.